ತಾನಾಗಿ ಆರಿಹೋಗುವ ಗಣಕಯಂತ್ರ



ಇತ್ತೀಚಿನ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳನ್ನು ಒಟ್ಟುಗೂಡಿಸಿ ಓದುತ್ತಿದ್ದಾಗ, ಪೂಜಾವಿಧಾನ, ಲಿಂಗದೀಕ್ಷೆ, ಮಕ್ಕಳ ವಿದ್ಯಾಭ್ಯಾಸ ಮೊದಲಾದ ಎಂದಿನ ಪ್ರಶ್ನೆಗಳ ನಡುವೆ ಒಂದೇ ಬಗೆಯ ಹೊಸ ಪ್ರಶ್ನೆಯೊಂದು ಮೂರು ಮನೆಗಳಿಂದ ಬಂದಿರುವುದು ಕಂಡಿತು. ಮನೆಯ ಮೇಜಿನ ಮೇಲಿನ ಗಣಕಯಂತ್ರವು ಕೆಲಸದ ನಡುವೆ ಹೇಳದೆ ಕೇಳದೆ ಆರಿಹೋಗುತ್ತದೆ, ಏನು ಮಾಡಬೇಕು? ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಕಂಠಪಾಠ ಮಾಡಿ ಬೆಳೆದವನನ್ನು ಇಂಥದನ್ನು ಕೇಳುವುದೆಂದರೆ ಕಮ್ಮಾರನಲ್ಲಿ ಹೋಗಿ ಕುಂಬಾರಿಕೆಯ ಗುಟ್ಟು ಕೇಳಿದಂತೆ. ಆದರೂ ಉತ್ತರಿಸಲು ನನಗೆ ಒಂದು ಅಧಿಕಾರವುಂಟು. ಕಳೆದ ಬೇಸಗೆಯಲ್ಲಿ ಇದೇ ಸಂಕಟವನ್ನು ನಾನು ಎರಡು ತಿಂಗಳು ಅನುಭವಿಸಿದ್ದೇನೆ, ಮತ್ತು ಅದರಲ್ಲಿ ಒಂದು ತಪ್ಪನ್ನೂ ಮಾಡಿದ್ದೇನೆ.

ನನ್ನ ವಿದ್ಯಾಗುರುಗಳು ಸ್ವರವಚನಗಳಿಗೆ ಅರ್ಥ ಹೇಳುವಾಗ ನಾವು ಬರೆದುಕೊಂಡ ಟಿಪ್ಪಣಿಗಳ ಐದು ನೋಟುಪುಸ್ತಕಗಳು ನನ್ನಲ್ಲಿದ್ದವು. ಎರಡಕ್ಕೆ ಗೆದ್ದಲು ಹಿಡಿದುದನ್ನು ಕಂಡು, ಇನ್ನು ತಡಮಾಡಬಾರದೆಂದು ಅವನ್ನೆಲ್ಲ ಗಣಕಯಂತ್ರದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚಿಸತೊಡಗಿದೆ. ಮೂರು ವರ್ಷಗಳಲ್ಲಿ ನಾಲ್ಕು ಪುಸ್ತಕಗಳು ಮುಗಿದಿದ್ದವು. ಆ ಚೈತ್ರದಲ್ಲಿ ಐದನೆಯದನ್ನು ಕೈಗೆತ್ತಿಕೊಂಡ ಮೇಲೆ ಯಂತ್ರದ ಈ ಹುಚ್ಚಾಟ ಮೊದಲಾಯಿತು. ಅರ್ಧ ವಾಕ್ಯ ಬರೆದಿರುವಾಗಲೇ ಪರದೆ ಕಪ್ಪಾಗುವುದು. ಒಳಗಿನ ಫ್ಯಾನಿನ ಸದ್ದು ನಿಂತು ಕೋಣೆಯೆಲ್ಲ ಮೌನವಾಗುವುದು. ಮತ್ತೆ ಗುಂಡಿ ಒತ್ತಿದರೆ ಹತ್ತಿಕೊಳ್ಳುವುದು, ಮೂರು ನಾಲ್ಕು ನಿಮಿಷಗಳಲ್ಲಿ ಮತ್ತೆ ಆರುವುದು.

ಮನೆಯಲ್ಲಿ ಎಂಟನೆಯ ತರಗತಿ ಓದುವ ಮೊಮ್ಮಗನಿದ್ದಾನೆ. ಸಂಜೆ ಅರ್ಧ ಗಂಟೆ ಅವನೂ ಆ ಯಂತ್ರದ ಮುಂದೆ ಕೂರುತ್ತಿದ್ದ. ಆಟ ಆಡಿ ಆಡಿ ಇವನೇ ಯಂತ್ರವನ್ನು ಕೆಡಿಸಿದನೆಂದು ನಾನು ನಿಶ್ಚಯಿಸಿಬಿಟ್ಟೆ. "ನಾ ಏನೂ ಮಾಡಿಲ್ಲಜ್ಜಾ" ಎಂದು ಹುಡುಗ ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ನಾನು ಕೋಣೆಗೆ ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪರೀಕ್ಷೆ ಮಾಡದೆ ತೀರ್ಪು ಕೊಡಬಾರದೆಂದು ನಲವತ್ತು ವರ್ಷ ಪಾಠಾಂತರಗಳ ವಿಷಯದಲ್ಲಿ ಶಿಷ್ಯರಿಗೆ ಹೇಳಿದವನು ನಾನು.

ಅನಂತರ ಯಂತ್ರವನ್ನು ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ತರುಣನು ಹತ್ತು ನಿಮಿಷ ನೋಡಿ, ವೈರಸ್ ಸೇರಿದೆ, ಫಾರ್ಮ್ಯಾಟ್ ಮಾಡಬೇಕು ಎಂದ. ಆ ಶಬ್ದದ ಅರ್ಥ ನನಗೆ ಗೊತ್ತಿರಲಿಲ್ಲ. ಮುದ್ರಣಾಲಯದಲ್ಲಿ ಪುಟದ ಅಳತೆ ಸರಿಪಡಿಸುವುದಕ್ಕೆ ಹಾಗೆನ್ನುವರಲ್ಲವೇ, ಅಂಥದೇನೋ ಇರಬೇಕೆಂದು ಒಪ್ಪಿಬಿಟ್ಟೆ. ಅಂದು ಶನಿವಾರ. ಅವನು ಸೋಮವಾರ ಮಾಡಿಕೊಡುವೆನೆಂದುದು ಗುರುಕೃಪೆಯೆಂದೇ ನಾನು ತಿಳಿದಿದ್ದೇನೆ. ಏಕೆಂದರೆ ಭಾನುವಾರ ಮನೆಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು (ಪ್ರಸಾದನಿಲಯದಲ್ಲಿದ್ದು ಓದಿ ಈಗ ಪಾಲಿಟೆಕ್ನಿಕ್‌ನಲ್ಲಿ ಅಧ್ಯಾಪಕರಾಗಿರುವವರು) ಆ ಮಾತು ಕೇಳಿ ಪ್ರಸಾದದ ಬಟ್ಟಲನ್ನು ಕೆಳಗಿಟ್ಟರು. "ಗುರುಗಳೇ, ಫಾರ್ಮ್ಯಾಟ್ ಅಂದ್ರ ಪಾಟಿ ಒರೆಸಿದ್ಹಂಗರಿ. ನಿಮ್ಮ ನಾಲ್ಕೂ ಪುಸ್ತಕ ಹೋಗ್ತಾವ" ಎಂದರು. ಇನ್ನೊಂದು ಪ್ರತಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ಎಲ್ಲಿಯೂ ಇಟ್ಟಿರಲಿಲ್ಲ. ಅಂಗಡಿಯವನ ಮನೆ ಹುಡುಕಿಕೊಂಡು ಹೋಗಿ ಅಂದೇ ಯಂತ್ರವನ್ನು ಮರಳಿ ತಂದೆವು.

ಆ ಸಂಜೆ ಅವರು ನನಗೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರು ಯಂತ್ರವನ್ನು ಮುಟ್ಟುವ ಮುನ್ನ, ನುರಿತ ವೈದ್ಯನಂತೆ, ಪ್ರಶ್ನೆಗಳನ್ನು ಕೇಳಿದರು. ಆರುವುದೆಂದರೆ ಹೇಗೆ ಆರುತ್ತದೆ? ಪರದೆಯ ಮೇಲೆ ಮುಚ್ಚುತ್ತಿದ್ದೇನೆ ಎಂಬ ಸೂಚನೆ ಬಂದು ಕ್ರಮವಾಗಿ ಆರುತ್ತದೆಯೋ, ನೀಲಿ ಪರದೆ ಬಂದು ತಾನೇ ಮತ್ತೆ ಹತ್ತಿಕೊಳ್ಳುತ್ತದೆಯೋ, ಅಥವಾ ದೀಪ ಊದಿದಂತೆ ಒಮ್ಮೆಲೇ ಕತ್ತಲಾಗುತ್ತದೆಯೋ? ಕ್ರಮವಾಗಿ ಆರಿದರೆ ದೋಷವು ಬಹುಮಟ್ಟಿಗೆ ತಂತ್ರಾಂಶದ ಅಪ್ಪಣೆಯಲ್ಲಿರುತ್ತದೆ. ನೀಲಿ ಪರದೆ ಬಂದರೆ ಸ್ಮೃತಿಫಲಕ ಅಥವಾ ಯಾವುದೋ ಚಾಲಕ ತಂತ್ರಾಂಶವನ್ನು ಮೊದಲು ಸಂಶಯಿಸಬೇಕು. ಊದಿದಂತೆ ಆರಿದರೆ ಉಷ್ಣ ಇಲ್ಲವೇ ವಿದ್ಯುತ್ತು. ಕೆಲವರ ಮನೆಯಲ್ಲಿ ಯಂತ್ರವು ಕೇವಲ ನಿದ್ರೆಗೆ ಜಾರಿರುತ್ತದೆ. ಇಷ್ಟು ನಿಮಿಷ ಸುಮ್ಮನಿದ್ದರೆ ಮಲಗು ಎಂಬ ಅಪ್ಪಣೆ ಮೊದಲೇ ಅದರಲ್ಲಿದ್ದು, ಕೀಲಿಮಣೆಯ ಒಂದು ಗುಂಡಿ ಒತ್ತಿದರೆ ಬಿಟ್ಟಲ್ಲಿಂದಲೇ ಎದ್ದೇಳುತ್ತದೆ. ಅದು ರೋಗವೇ ಅಲ್ಲ.

ಎರಡನೆಯ ಪ್ರಶ್ನೆ: ಯಾವಾಗ ಆರುತ್ತದೆ? ನಾನು ಉತ್ತರಿಸಲಾರದೆ ತಡವರಿಸಿದೆ. ಆಗ ಬಾಗಿಲ ಬಳಿ ನಿಂತಿದ್ದ ಮೊಮ್ಮಗ, ತನ್ನ ಶಾಲೆಯ ಪುಸ್ತಕದ ಕೊನೆಯ ಹಾಳೆಯನ್ನು ತಂದು ತೋರಿಸಿದ. ಕೀಲಿ ಹಾಕುವ ಮುನ್ನ ಹತ್ತು ದಿನ ಅವನು ಗಳಿಗೆಗಳನ್ನು ಬರೆದಿಟ್ಟಿದ್ದ. ಬೆಳಿಗ್ಗೆ 6 ಗಂಟೆಗೆ ಹಚ್ಚಿದರೆ ಎರಡು ಗಂಟೆ ನಡೆದಿದೆ. ಮಧ್ಯಾಹ್ನ 3ಕ್ಕೆ ಹಚ್ಚಿದರೆ 20 ನಿಮಿಷ. ಆರಿದ ಕೂಡಲೇ ಮತ್ತೆ ಹಚ್ಚಿದರೆ 4 ನಿಮಿಷ. "ಇದನ್ನ ಓದಿದ ಮ್ಯಾಲೆ ಯಂತ್ರ ತೆರಿಯೋದ ಬೇಕಾಗಿಲ್ಲರಿ" ಎಂದು ಅಧ್ಯಾಪಕರು ನಕ್ಕರು. ತಂಪಿನಲ್ಲಿ ದೀರ್ಘಕಾಲ, ಬಿಸಿಲಿನಲ್ಲಿ ಅಲ್ಪಕಾಲ, ಕಾದಿರುವಾಗ ಇನ್ನೂ ಅಲ್ಪಕಾಲ ನಡೆಯುವುದು ಉಷ್ಣದ ಸ್ಪಷ್ಟ ಲಕ್ಷಣ.

ಇದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಯಂತ್ರದ ಮಿದುಳಾದ ಪ್ರೊಸೆಸರ್ ಎಂಬ ಬಿಲ್ಲೆ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಕಾಯುತ್ತಿರುತ್ತದೆ. ಆ ಕಾವನ್ನು ಹೀರಲು ಅದರ ಮೇಲೆ ಎಲೆಎಲೆಯಾಗಿ ಸೀಳಿದ ಲೋಹದ ಗಟ್ಟಿಯೊಂದನ್ನು ಕೂರಿಸಿ, ಅದರ ಮೇಲೊಂದು ಚಿಕ್ಕ ಫ್ಯಾನನ್ನು ಇಟ್ಟಿರುತ್ತಾರೆ. ಬಿಲ್ಲೆಗೂ ಲೋಹಕ್ಕೂ ನಡುವೆ ಗಾಳಿ ಉಳಿಯದಂತೆ ತೆಳುವಾಗಿ ಲೇಪವನ್ನು ಹಚ್ಚಿರುತ್ತಾರೆ. ಕಾವು ವಿಪರೀತವಾದಾಗ, ಈಗಿನ ಬಹುತೇಕ ಪ್ರೊಸೆಸರುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಬಿಲ್ಲೆಯು ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ತಣಿಯದಿದ್ದರೆ ಯಂತ್ರವು ವಿದ್ಯುತ್ತನ್ನೇ ಕಡಿದುಕೊಂಡು ಆರುತ್ತದೆ. ಸುಟ್ಟುಹೋಗುವುದಕ್ಕಿಂತ ಆರುವುದು ಮೇಲೆಂದು ಅದನ್ನು ನಿರ್ಮಿಸಿದವರು ಮಾಡಿಟ್ಟ ಏರ್ಪಾಡು ಇದು. ನಾನು ಹುಚ್ಚಾಟವೆಂದು ಬೈದದ್ದು ಅದರ ಆತ್ಮರಕ್ಷಣೆಯನ್ನು.

ಊಹೆಯನ್ನು ಪ್ರಮಾಣದಿಂದ ದೃಢಪಡಿಸಬೇಕಲ್ಲವೆ? ಯಂತ್ರ ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್ 2 ಗುಂಡಿಯನ್ನು ಒತ್ತುತ್ತಿದ್ದರೆ ಬಯಾಸ್ ಎಂಬ ಪುಟ ತೆರೆದುಕೊಳ್ಳುತ್ತದೆ. ಯಾವ ಗುಂಡಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದು. ಅನೇಕ ಯಂತ್ರಗಳಲ್ಲಿ ಪ್ರೊಸೆಸರಿನ ಉಷ್ಣತೆ ಅಲ್ಲಿಯೇ ಕಾಣುತ್ತದೆ. ನಮ್ಮದರಲ್ಲಿ, ಯಾವ ಕೆಲಸವೂ ಇಲ್ಲದೆ ಸುಮ್ಮನಿರುವಾಗಲೇ, 88 ಡಿಗ್ರಿ ಇತ್ತು; ನೋಡುತ್ತಿದ್ದಂತೆ ಏರುತ್ತಿತ್ತು.

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಎಂಬ ದಿನಚರಿಯೂ ಉಂಟು. ಅದರಲ್ಲಿ ಸಿಸ್ಟಮ್ ಎಂಬ ವಿಭಾಗವನ್ನು ತೆರೆದರೆ ಇಂಥ ಪ್ರತಿ ಅವಘಡದ ನಂತರ ಕರ್ನಲ್-ಪವರ್ 41 ಎಂಬ ನಮೂದು ಇರುತ್ತದೆ. ಅದನ್ನು ಕಂಡು ಕಾರಣ ಸಿಕ್ಕಿತೆಂದು ಹಿಗ್ಗುವವರುಂಟು. ವಾಸ್ತವವಾಗಿ ಆ ನಮೂದು ಹೇಳುವುದಿಷ್ಟೇ: ಹಿಂದಿನ ಸಲ ಯಂತ್ರವು ಕ್ರಮವಾಗಿ ಮುಚ್ಚಲಿಲ್ಲ. ಏಕೆಂಬುದು ಅದಕ್ಕೂ ತಿಳಿಯದು. ಆದರೆ ಗಳಿಗೆ, ದಿನಾಂಕಗಳು ಖಚಿತವಾಗಿರುವುದರಿಂದ, ನಮ್ಮ ಹುಡುಗನಂತೆ ಬರೆದಿಡದವರಿಗೆ ಅದು ಉಪಕಾರಿ.

ಇನ್ನು ಪೆಟ್ಟಿಗೆಯನ್ನು ತೆರೆದದ್ದು. ಗೋಡೆಯ ಪ್ಲಗ್ಗನ್ನು ಕಿತ್ತು, ಯಂತ್ರದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಸಿ, ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ (ಮೈಯಲ್ಲಿ ಕೂತ ಸ್ಥಾಯಿವಿದ್ಯುತ್ತು ಒಳಗಿನ ಸೂಕ್ಷ್ಮ ಭಾಗಗಳಿಗೆ ಮಾರಕವಂತೆ) ಪಕ್ಕದ ತಗಡನ್ನು ಬಿಚ್ಚಿದರು. ಲೋಹದ ಎಲೆಗಳ ಸಂದಿಗಳು ಕಾಣುತ್ತಲೇ ಇರಲಿಲ್ಲ. ಕಂಬಳಿಯ ತುಂಡಿನಂತಹ ಧೂಳಿನ ಪದರ ಅವನ್ನು ಮುಚ್ಚಿತ್ತು. ಬೆರಳಿಂದ ಉಜ್ಜಿದರೆ ಬೂದು ಬಣ್ಣದ ನುಣುಪು ಪುಡಿ, ಜೊತೆಗೆ ಸ್ವಲ್ಪ ಜಿಡ್ಡು. ಅದೇನೆಂದು ನನಗೆ ತಟ್ಟನೆ ತಿಳಿಯಿತು. ನನ್ನ ಬರವಣಿಗೆಯ ಕೋಣೆಯೇ ಪೂಜೆಯ ಕೋಣೆ. ನಿತ್ಯ ಎರಡು ಹೊತ್ತು ಅಲ್ಲಿ ವಿಭೂತಿ ಧರಿಸುತ್ತೇವೆ, ಊದುಬತ್ತಿ ಹಚ್ಚುತ್ತೇವೆ, ಸೋಮವಾರ ಲೋಬಾನದ ಹೊಗೆ ಹಾಕುತ್ತೇವೆ. ಫ್ಯಾನು ಕೋಣೆಯ ಗಾಳಿಯನ್ನು ನಿರಂತರವಾಗಿ ಒಳಗೆಳೆದುಕೊಳ್ಳುತ್ತದೆ. ಹೊಗೆಯ ಜಿಡ್ಡು ಮೊದಲು ಕೂತು, ಅದರ ಮೇಲೆ ನುಣುಪು ಭಸ್ಮವೂ ಬೀದಿಯ ಧೂಳೂ ಪದರಪದರವಾಗಿ ಅಂಟಿದ್ದವು. ಅಡುಗೆಮನೆಯ ಪಕ್ಕದಲ್ಲಿಟ್ಟವರಿಗೆ ಒಗ್ಗರಣೆಯ ಹೊಗೆ ಇದೇ ಕೆಲಸ ಮಾಡುತ್ತದೆ. ಜೋಳ ಹಸನು ಮಾಡುವ ಪಡಸಾಲೆಯಲ್ಲಿಟ್ಟವರ ಪಾಡಂತೂ ಹೇಳುವುದು ಬೇಡ.

ಇಷ್ಟೇ ಆಗಿದ್ದರೆ ನಾನು ಅರ್ಧ ತಪ್ಪಿತಸ್ಥ. ಇನ್ನರ್ಧವನ್ನು ಅಧ್ಯಾಪಕರು ಎತ್ತಿ ತೋರಿಸಿದರು. ಮಠದಲ್ಲಿ ಓಲೆಗರಿಯ ಕಟ್ಟುಗಳನ್ನು ಹಲಗೆಗಳ ನಡುವೆ ಇಟ್ಟು, ದಾರ ಬಿಗಿದು, ಬಟ್ಟೆಯಲ್ಲಿ ಸುತ್ತಿಡುವುದನ್ನು ಬಾಲ್ಯದಲ್ಲಿ ಕಲಿತವನು ನಾನು. ಬೆಲೆಯುಳ್ಳದ್ದೇನೇ ಕಂಡರೂ ಬಟ್ಟೆ ಹೊದಿಸುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ಮಗಳು ಹಾಕಿಕೊಟ್ಟ ಕಸೂತಿಯ ಬಟ್ಟೆಯೊಂದನ್ನು ಆ ಪೆಟ್ಟಿಗೆಗೆ ಹಿಂದಿನವರೆಗೆ ಇಳಿಬೀಳುವಂತೆ ಹೊದಿಸಿದ್ದೆ, ಯಂತ್ರ ನಡೆಯುತ್ತಿರುವಾಗಲೂ ತೆಗೆಯುತ್ತಿರಲಿಲ್ಲ. ಬಿಸಿಗಾಳಿ ಹೊರಹೋಗುವ ಹಿಂಬದಿಯ ಕಂಡಿಗಳೆಲ್ಲ ಆ ಬಟ್ಟೆಯಿಂದ ಮುಚ್ಚಿದ್ದವು. ಸಾಲದೆಂಬಂತೆ ಪೆಟ್ಟಿಗೆಯನ್ನು ಮೇಜಿನ ಬಾಗಿಲಿರುವ ಖಾನೆಯೊಳಗೆ, ಗೋಡೆಗೆ ಒತ್ತಿ ಇಟ್ಟಿದ್ದೆ. ಗರಿಗೆ ರಕ್ಷೆಯಾದದ್ದು ಯಂತ್ರಕ್ಕೆ ಉಸಿರುಗಟ್ಟಿಸುವಂಥದಾಗಿತ್ತು.

ಮೆತ್ತನೆಯ ಒಣ ಕುಂಚದಿಂದಲೂ ಊದುಯಂತ್ರದಿಂದಲೂ ಧೂಳನ್ನು ತೆಗೆದರು. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ಸುತ್ತಿ ಕೆಡುತ್ತದೆ. ಒದ್ದೆ ಬಟ್ಟೆ ಸರ್ವಥಾ ಕೂಡದು. ಲೋಹದ ಗಟ್ಟಿಯನ್ನು ಬಿಚ್ಚಿ ನೋಡಿದಾಗ ನಡುವಿನ ಲೇಪ ಒಣಗಿ ಸುಣ್ಣದಂತೆ ಉದುರಿತು. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ತೊಗರಿಬೇಳೆಯಷ್ಟು ಹೊಸ ಲೇಪವನ್ನಿಟ್ಟು ಗಟ್ಟಿಯನ್ನು ಮತ್ತೆ ಕೂರಿಸಿದರು. ಈ ಕೊನೆಯ ಕೆಲಸವನ್ನು ಮಾತ್ರ ಬಲ್ಲವರಿಂದ ಮಾಡಿಸಿರಿ. ಧೂಳು ತೆಗೆಯುವುದನ್ನು ಮನೆಯವರೇ ಮಾಡಬಹುದು. ಹಚ್ಚಿ ನೋಡಿದರೆ ಬಯಾಸಿನ ಪುಟದಲ್ಲಿ 46 ಡಿಗ್ರಿ. ಮೂರು ಗಂಟೆ ಬಿಟ್ಟರೂ ಆರಲಿಲ್ಲ.

ಈಗ ಉಳಿದ ಪತ್ರಗಳಿಗೆ ಬರುತ್ತೇನೆ. ಒಬ್ಬ ತಾಯಿಯವರು ಬರೆಯುತ್ತಾರೆ: ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ, ಮನೆಗೆ ಇನ್ವರ್ಟರ್ ಇದೆ, ಕರೆಂಟ್ ಹೋದಾಗ ದೀಪ ಆರುವುದಿಲ್ಲ, ಗಣಕಯಂತ್ರ ಮಾತ್ರ ಆರುತ್ತದೆ. ತಾಯಿ, ಇದಕ್ಕೆ ಉತ್ತರ ನಿಮ್ಮ ಇನ್ವರ್ಟರಿನ ಹಿಂಬದಿಯಲ್ಲೇ ಇರಬಹುದು. ಗಣಕಯಂತ್ರದೊಳಗಿನ ವಿದ್ಯುತ್ ಪೆಟ್ಟಿಗೆಯು, ಎಸ್.ಎಂ.ಪಿ.ಎಸ್. ಎನ್ನುತ್ತಾರೆ, ಹೊರಗಿನ ವಿದ್ಯುತ್ತು ನಿಂತರೂ ತನ್ನಲ್ಲಿ ಕೂಡಿಟ್ಟದ್ದರಿಂದ ಸೆಕೆಂಡಿನ ಸುಮಾರು 60ರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ನಡೆಸಬಲ್ಲದು. ಅಷ್ಟರೊಳಗೆ ಬ್ಯಾಟರಿಯ ವಿದ್ಯುತ್ತು ಬರಬೇಕು. ದೀಪ, ಫ್ಯಾನುಗಳಿಗೆ ಅಷ್ಟು ಅವಸರವಿಲ್ಲವಾದ್ದರಿಂದ ಮನೆಯ ಇನ್ವರ್ಟರುಗಳು ನಿಧಾನವಾಗಿ ಬದಲಾಗುತ್ತವೆ. ಅನೇಕ ಇನ್ವರ್ಟರುಗಳಲ್ಲಿ ಯು.ಪಿ.ಎಸ್. ಎಂದು ಬರೆದಿರುವ ಒಂದು ಚಿಕ್ಕ ಸ್ವಿಚ್ಚು ಇರುತ್ತದೆ. ಅದನ್ನು ಆ ಕಡೆಗೆ ತಿರುಗಿಸಿದರೆ ಬದಲಾವಣೆ ಶೀಘ್ರವಾಗುತ್ತದೆ. ಅದಿಲ್ಲದಿದ್ದರೆ ಯಂತ್ರಕ್ಕೆಂದೇ ಪ್ರತ್ಯೇಕ ಯು.ಪಿ.ಎಸ್. ಬೇಕು.

ಯು.ಪಿ.ಎಸ್. ಇದ್ದೂ ಆರುವ ಮನೆಗಳಲ್ಲಿ ಬ್ಯಾಟರಿ ಮುಪ್ಪಾಗಿರುತ್ತದೆ. ಚಿಕ್ಕ ಯು.ಪಿ.ಎಸ್.ಗಳಲ್ಲಿರುವ 12 ವೋಲ್ಟಿನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ, ಅಷ್ಟೆ. ಪಂಪು ಅಥವಾ ಮಿಕ್ಸರ್ ಹಚ್ಚಿದಾಗ ವೋಲ್ಟೇಜು ಒಮ್ಮೆ ಕುಸಿಯುತ್ತದೆ, ಯು.ಪಿ.ಎಸ್. ಬ್ಯಾಟರಿಯ ಕಡೆ ಕೈಚಾಚುತ್ತದೆ; ಅಲ್ಲಿ ಏನೂ ಇಲ್ಲ; ಯಂತ್ರ ಆರುತ್ತದೆ. ಪರೀಕ್ಷೆ ಸುಲಭ. ಯು.ಪಿ.ಎಸ್. ತಪ್ಪಿಸಿ, ಗೋಡೆಯ ಮೂರು ಕಡ್ಡಿಯ ಪ್ಲಗ್ಗಿಗೆ ನೇರವಾಗಿ ಜೋಡಿಸಿ ಎರಡು ದಿನ ನೋಡಿರಿ. ಆರುವುದು ನಿಂತರೆ ಕಳ್ಳ ಸಿಕ್ಕಂತೆ. ಆ ಎರಡು ದಿನ ಬರೆದುದನ್ನು ಆಗಾಗ ಉಳಿಸಿಕೊಳ್ಳಲು ಮಗಳಿಗೆ ಹೇಳಿರಿ.

ಇನ್ನೊಬ್ಬರು ನಿವೃತ್ತ ಶಿಕ್ಷಕರು. ಅವರ ಯಂತ್ರ ಹತ್ತಿದ ನಾಲ್ಕೈದು ಸೆಕೆಂಡಿನಲ್ಲೇ ಆರುತ್ತದೆ. ಮಾಸ್ತರೇ, ಎಲ್ಲಕ್ಕಿಂತ ಮೊದಲು ಮುಂದಿನ ಗುಂಡಿಯನ್ನು ಒತ್ತಿ, ಅದು ಪೂರ್ತಿ ಹೊರಕ್ಕೆ ಪುಟಿಯುತ್ತದೆಯೇ ನೋಡಿರಿ. ಆ ಗುಂಡಿಯನ್ನು ಸುಮಾರು 4 ಸೆಕೆಂಡು ಒತ್ತಿಹಿಡಿದರೆ ಬಲವಂತವಾಗಿ ಆರಬೇಕೆಂಬುದು ಯಂತ್ರದ ನಿಯಮ. ಧೂಳಿನಿಂದ ಗುಂಡಿ ಒಳಗೇ ಸಿಕ್ಕಿಕೊಂಡರೆ, ಯಾರೋ ಒತ್ತಿ ಹಿಡಿದಿದ್ದಾರೆಂದೇ ಯಂತ್ರ ತಿಳಿಯುತ್ತದೆ. ಗುಂಡಿ ಸರಿಯಿದ್ದರೆ ಪ್ರೊಸೆಸರಿನ ಫ್ಯಾನು ತಿರುಗುತ್ತಿದೆಯೇ, ಲೋಹದ ಗಟ್ಟಿಯ ಕೊಂಡಿ ಕಳಚಿದೆಯೇ ಎಂದು ತೆರೆಸಿ ನೋಡಬೇಕು.

ಇವೆರಡೂ ಅಲ್ಲದೆ, ತಂಪಿರುವಾಗಲೂ ನೇರ ವಿದ್ಯುತ್ತಿನಲ್ಲೂ, ವಿಶೇಷವಾಗಿ ಹೆಚ್ಚು ಶ್ರಮದ ಕೆಲಸ ಕೊಟ್ಟಾಗ, ಆರುವುದಾದರೆ ಎಸ್.ಎಂ.ಪಿ.ಎಸ್. ದುರ್ಬಲವಾಗಿರಬಹುದು. ಅದು ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿ ಹಂಚುವ ಪೆಟ್ಟಿಗೆ. 12 ವೋಲ್ಟಿನ ತಂತಿಯಲ್ಲಿ 11.4ಕ್ಕಿಂತ ಕೆಳಗಿಳಿದರೆ ಅದನ್ನು ನಂಬಬಾರದು. ಅಗ್ಗದ ಪೆಟ್ಟಿಗೆಗಳ ಮೇಲೆ ಬರೆದ ವ್ಯಾಟುಗಳು ಅನೇಕ ವೇಳೆ ಬರೆಹದಲ್ಲಿ ಮಾತ್ರ ಇರುತ್ತವೆ. ಇಲ್ಲೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿರಿ: ಆ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿರಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಹೊತ್ತು ಉಳಿದಿರಬಹುದು, ಪ್ರಾಣಾಪಾಯ. ಕೆಟ್ಟಿದ್ದರೆ ಬದಲಾಯಿಸುವುದೇ ಮಾರ್ಗ. ಹಳೆಯ ಯಂತ್ರಗಳ ಮದರ್‌ಬೋರ್ಡಿನಲ್ಲಿ ಡಬ್ಬಿಯಾಕಾರದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅದೂ ಕಾರಣ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಅಸಂಖ್ಯ ಯಂತ್ರಗಳು ಆ ಒಂದು ದೋಷದಿಂದಲೇ ಮೂಲೆ ಸೇರಿದವು. ನಾಣ್ಯದಂತಹ ಚಿಕ್ಕ ಬ್ಯಾಟರಿಯೊಂದು ಒಳಗಿದೆ, ಅದನ್ನು ಬದಲಿಸಿದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಅದು ಮುಖ್ಯವಾಗಿ ಗಡಿಯಾರವನ್ನೂ ಕೆಲವು ಹೊಂದಾಣಿಕೆಗಳನ್ನೂ ನೆನಪಿಡಲು ಇರುವುದು. ಅದು ಮುಗಿದರೆ ದಿನಾಂಕ ತಪ್ಪುತ್ತದೆ. ಯಂತ್ರ ಆರುವುದಕ್ಕೂ ಅದಕ್ಕೂ ಸಂಬಂಧ ವಿರಳ.

ಫಾರ್ಮ್ಯಾಟಿನ ಮಾತನ್ನು ಮತ್ತೊಮ್ಮೆ ಎತ್ತಲೇಬೇಕು. ಧೂಳಿನಿಂದ ಕಾದ ಲೋಹವಾಗಲಿ, ಸತ್ತ ಬ್ಯಾಟರಿಯಾಗಲಿ ಫಾರ್ಮ್ಯಾಟ್ ಮಾಡಿದರೆ ಗುಣವಾಗುವುದಿಲ್ಲ. ಯಾರೇ ಹಾಗೆಂದರೂ, ಮೊದಲು ಉಷ್ಣತೆ ಎಷ್ಟಿದೆ ತೋರಿಸಪ್ಪಾ ಎಂದು ಕೇಳಿರಿ. ಒಪ್ಪುವುದಕ್ಕೆ ಮುನ್ನ ನಿಮ್ಮ ಕಡತಗಳ ಪ್ರತಿಯೊಂದನ್ನು ಬೇರೆಡೆ ತೆಗೆಸಿರಿ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಲು ಸಾಧ್ಯವಾದದ್ದು, ಓಲೆಗರಿಯ ಪ್ರತಿಗಳು ಒಂದೇ ಕಡೆ ಇರದೆ ಹಲವು ಮನೆ, ಹಲವು ಮಠಗಳಲ್ಲಿ ಚದುರಿ ಉಳಿದಿದ್ದುದರಿಂದ. ಇದನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳಿದವನು ತನ್ನ ಗುರುಗಳ ಮಾತನ್ನು ಒಂದೇ ಡಬ್ಬಿಯಲ್ಲಿಟ್ಟು ಕೂತಿದ್ದೆ. ಈಗ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಮಗಳ ಮನೆಯಲ್ಲಿದೆ, ಇನ್ನೊಂದು ಅಧ್ಯಾಪಕರ ಬಳಿಯಿದೆ.

ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಮೊಮ್ಮಗನನ್ನು ಕರೆದೆ. ತಪ್ಪು ನನ್ನದು ತಮ್ಮಾ, ಬಟ್ಟೆ ಹೊದಿಸಿದವನು ನಾನು ಎಂದೆ. ಮನೆಯವರೆಲ್ಲ ಅಲ್ಲೇ ಇದ್ದರು. ಬೈದದ್ದೂ ಎಲ್ಲರೆದುರಿಗೇ ಆದ್ದರಿಂದ ಇದೂ ಹಾಗೆಯೇ ಆಗಬೇಕಿತ್ತು. ಅವನು ತಲೆ ತಗ್ಗಿಸಿ, "ಹಂಗಾದ್ರ ಕೀಲಿ ಕೊಡ್ರಿ ಅಜ್ಜಾ" ಎಂದ. ಈಗ ಪ್ರತಿ ಅಮಾವಾಸ್ಯೆಯಂದು ಪೆಟ್ಟಿಗೆಯ ಹೊರಗಿನ ಕಂಡಿಗಳನ್ನು ಅವನೇ ಒರೆಸುತ್ತಾನೆ. ವರ್ಷಕ್ಕೆರಡು ಸಲ ಅಧ್ಯಾಪಕರು ಬಂದಾಗ ಒಳಗನ್ನು ಇಬ್ಬರೂ ಕೂಡಿ ಹಸನು ಮಾಡುತ್ತಾರೆ. ಯಂತ್ರ ಪೂಜೆಯ ಕೋಣೆಯಿಂದ ಪಡಸಾಲೆಯ ಕಿಟಕಿಯ ಬದಿಗೆ ಬಂದಿದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಕಸೂತಿಯ ಬಟ್ಟೆ ಯಂತ್ರ ಆರಿಸಿ ತಣಿದ ಮೇಲೆ ಮಾತ್ರ.

ಒಂದು ನಷ್ಟ ಮಾತ್ರ ಉಳಿಯಿತು. ಬರೆಯುತ್ತಿರುವಾಗಲೇ ಪದೇ ಪದೇ ಆರಿದ್ದರಿಂದ ಐದನೆಯ ಪುಸ್ತಕದ ಕಡತ ಕೆಟ್ಟು, 11 ಪುಟಗಳು ತೆರೆಯದಾದವು. ಮೂಲ ನೋಟುಪುಸ್ತಕದಲ್ಲಿ ಅವುಗಳ ಪೈಕಿ 7 ಪುಟಗಳು ಓದಲು ಬರುತ್ತವೆ. ಮೊಮ್ಮಗ ಭಾನುವಾರಗಳಲ್ಲಿ ಓದಿ ಹೇಳುತ್ತಾನೆ, ನಾನು ಬೆರಳಚ್ಚಿಸುತ್ತೇನೆ. ಉಳಿದ 4 ಪುಟಗಳನ್ನು, ನಾನು ಬೆರಳಚ್ಚಿಸಿದ ಮೇಲೆ ಈ ಎರಡು ತಿಂಗಳಲ್ಲಿ, ಗೆದ್ದಲು ತಿಂದಿದೆ. ಗುರುಗಳ ಪಾಠದಲ್ಲಿ ನನ್ನ ಪಕ್ಕ ಕೂತು ಬರೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಈಗಲೂ ಇದ್ದಾರೆ. ಅವರ ಪುಸ್ತಕ ಉಳಿದಿದೆಯೇ ಎಂದು ಕೇಳಿ ಕಳೆದ ವಾರ ಪತ್ರ ಬರೆದಿದ್ದೇನೆ.